ಜೋಂಪಿನ ಮರಕ್ಕೆ ಗಂಡು ಹುಡುಕಿದ್ದು

ಮಲಗಿದವರನ್ನು ಎಬ್ಬಿಸುವುದು ನನ್ನ ಕಸುಬು. ಮೊದಲು ನನ್ನ ಅತ್ತೆ ಮಾಡುತ್ತಿದ್ದರು, ಅವರ ಕಾಲು ಸೋತ ಮೇಲೆ ನನ್ನ ಪಾಲಿಗೆ ಬಂತು. ಊರಿನಲ್ಲಿ ಇದರಷ್ಟು ಬೈಗುಳ ತಿನ್ನುವ ಕೆಲಸ ಇನ್ನೊಂದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ನಾನು ಕೂತರೆ ಪಕ್ಕದವರು ತಮ್ಮ ಎಲೆಯನ್ನು ಒಂಚೂರು ಆಚೆಗೆ ಎಳೆದುಕೊಳ್ಳುತ್ತಿದ್ದರು. ನಗುತ್ತಲೇ ಎಳೆದುಕೊಳ್ಳುತ್ತಿದ್ದರು ಅನ್ನಿ, ಆದರೂ ಎಳೆದುಕೊಳ್ಳುತ್ತಿದ್ದರು. ಒಬ್ಬೊಬ್ಬರನ್ನು ಒಂದೊಂದು ರೀತಿ ಎಬ್ಬಿಸಬೇಕು. ಕಮ್ಮಾರ ವೀರಾಚಾರಿಯನ್ನು ಕಾಲಿನ ಹೆಬ್ಬೆರಳು ಹಿಡಿದು ಜಗ್ಗಬೇಕು, ಅದೂ ದೂರದಲ್ಲಿ ಕೂತು. ಎಚ್ಚರವಾಗುವಾಗ ಸುತ್ತಿಗೆ ಬೀಸಿದ ಹಾಗೆ ಕೈ ಬೀಸುವ ಅಭ್ಯಾಸ ಅವನಿಗೆ. ಪಂಚಾಯಿತಿ ಅಧ್ಯಕ್ಷ ಹಾಲಪ್ಪನವರ ಕಿವಿಯ ಹತ್ತಿರ ‘ಸಭೆ’ ಅಂದರೆ ಸಾಕು, ಪಂಚೆ ಸರಿಮಾಡಿಕೊಂಡು ಎದ್ದು ಕೂರುತ್ತಾರೆ. ಹರೆಯದ ಹುಡುಗರಿಗೆ ನೀರು ಚಿಮುಕಿಸಬೇಕು. ಬಾಣಂತಿಯರನ್ನು ಎಬ್ಬಿಸುವಾಗ ಮಾತ್ರ ನನಗೇ ಕೈ ಬರುತ್ತಿರಲಿಲ್ಲ. ಹೆಗಲ ಮೇಲೆ ಅಂಗೈ ಇಟ್ಟು, ಅದರ ಬಿಸಿಗೆ ಅವರಾಗಿಯೇ ಕಣ್ಣು ಬಿಡಲಿ ಅಂತ ಕಾಯುತ್ತಿದ್ದೆ.

ನಮ್ಮೂರಿನವರಿಗೆ ನಿದ್ದೆ ಬರುವುದು ಜೋಂಪಿನ ಮರದ ಕೆಳಗೆ ಮಾತ್ರ. ಮನೆಯಲ್ಲಿ ಚಾಪೆ ಹಾಸಿ ಎಷ್ಟು ಹೊತ್ತು ಕಣ್ಣು ಮುಚ್ಚಿಕೊಂಡರೂ ರೆಪ್ಪೆ ನೋಯುತ್ತದೆಯೇ ಹೊರತು ಜೋಂಪು ಹತ್ತುವುದಿಲ್ಲ. ಹೊರಗಿನಿಂದ ಬಂದವರಿಗೂ ಊರ ಗಡಿ ದಾಟಿದ ಮೇಲೆ ಇದೇ ಕತೆ. ಹಿಂದೆ ಬೀದಿಗೊಂದು ಮರವಿತ್ತಂತೆ, ಗುಡ್ಡದ ಇಳಿಜಾರಿನ ಕಾಡಿನಲ್ಲಂತೂ ಲೆಕ್ಕವಿಲ್ಲದಷ್ಟು. ಜನ ಊಟ ಮುಗಿಸಿ ಕೈ ತೊಳೆದು, ಹತ್ತಿರದ ಮರದ ಕೆಳಗೆ ಹೋಗಿ ಒರಗುತ್ತಿದ್ದರಂತೆ, ಎಚ್ಚರವಾದಾಗ ಎದ್ದು ಬರುತ್ತಿದ್ದರಂತೆ. ಎಬ್ಬಿಸುವವರು ಅಂತ ಯಾರೂ ಇರಲಿಲ್ಲ. ಆಮೇಲೆ ದೂರದ ಊರಿನವರಿಗೆ ಇದರ ಹಲಗೆ ಹಿಡಿಸಿತು. ಹಗುರ, ನಯ, ಕೆಂಪು ಛಾಯೆ. ಮಂಚ ಮಾಡಿಸಲು ಹೇಳಿ ಮಾಡಿಸಿದ ಮರ. ಲಾರಿಗಳು ಬಂದವು. ಆ ಮಂಚಗಳ ಮೇಲೆ ಮಲಗಿದವರಿಗೆ ವಿಶೇಷವೇನೂ ಆಗಲಿಲ್ಲ. ಅವರಿಗೆ ಮೊದಲಿಂದಲೂ ಎಲ್ಲಿ ಮಲಗಿದರೂ ನಿದ್ದೆ ಬರುತ್ತಿತ್ತು.

ನಾನು ಕೆಲಸಕ್ಕೆ ನಿಂತಾಗ ಊರಲ್ಲಿ ಎರಡು ಮರ ಉಳಿದಿದ್ದವು. ಒಂದು ಅಕ್ಕಿ ಗಿರಣಿಯ ಹಿಂದಿನ ಜೌಗಿನಲ್ಲಿ, ಇನ್ನೊಂದು ನನ್ನ ತಂಗಿ ಶೇಷಿಯ ಮನೆಯ ಹಿತ್ತಿಲಿಗೆ ತಾಗಿ. ಜೋಂಪಿನ ಮರದ ಬೇರು ನೆಲದೊಳಗೆ ಹೋಗಿ ಸುಮ್ಮನಿರುವುದಿಲ್ಲ. ಮಡಿಸಿದ ಮೊಣಕಾಲಿನ ಹಾಗೆ ಅಲ್ಲಲ್ಲಿ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುತ್ತದೆ. ಆ ಮೊಣಕಾಲುಗಳ ಮೇಲೆ ತಲೆಯಿಟ್ಟು ಮಲಗುವುದು ಎಲ್ಲರಿಗೂ ಇಷ್ಟ. ಊರಿಗೆ ಊರೇ ಎರಡು ಮರದಡಿ ಹಗಲೂ ರಾತ್ರಿ ಹೊರಳಾಡಿ, ಕೆಸರಿದ್ದ ನೆಲ ಗಾಡಿದಾರಿಯ ಹಾಗೆ ಗಟ್ಟಿಯಾಯಿತು. ಶೇಷಿಗೆ ಇದು ಸರಿಕಾಣಲಿಲ್ಲ. ತನ್ನ ಹಿತ್ತಿಲಿನ ಮರದ ಎಲೆ ಹಳದಿಯಾದದ್ದೇ ತಡ, ಸುತ್ತ ಮುಳ್ಳಿನ ಬೇಲಿ ಕಟ್ಟಿದಳು. ಒಂದು ಮಳೆಗಾಲ ಬಿಡಿ, ಬೇರು ಉಸಿರಾಡಲಿ ಅಂತ ಮನೆಮನೆಗೆ ಹೋಗಿ ಹೇಳಿದಳು. ಅವಳ ಪರವಾಗಿ ನಾನೂ ಕೂಗಾಡಿದೆ. ಆದರೆ ನಿದ್ದೆಗೆಟ್ಟವರಿಗೆ ಬೇಲಿ ಕಾಣುತ್ತದೆಯೇ? ವೀರಾಚಾರಿ ಮುಂದಾಗಿ ಕಿತ್ತ, ಹಿಂದಿನಿಂದ ಉಳಿದವರು ನುಗ್ಗಿದರು. ಆ ಮಳೆಗಾಲ ಕಳೆಯುವ ಮೊದಲೇ ಮರ ಬುಡಸಮೇತ ಒರಗಿತು. ಶೇಷಿ ಹೊಳೆ ದಾಟಿ ಆಚೆಯ ಕಾಡಿಗೆ ಹೋದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ತಡೆಯುವವರು ಯಾರು? ಮರವಿಲ್ಲದ ಕಡೆ ಎಷ್ಟು ದಿನ ಬದುಕುತ್ತಾಳೆ ಅಂತ ಜನ ಮರುಗಿದರು. ನಾನು ಅತ್ತುಬಿಟ್ಟೆ.

ಹಾಗೆ ಉಳಿದದ್ದು ಗಿರಣಿಯ ಹಿಂದಿನ ಒಂದೇ ಮರ. ಪಾಳಿ ಶುರುವಾಯಿತು, ನನಗೂ ಮೈತುಂಬ ಕೆಲಸವಾಯಿತು. ಒಂದು ಗುಂಪು ಏಳುವಾಗ ಇನ್ನೊಂದು ಗುಂಪು ಚಾಪೆ ಸುರುಳಿ ಹಿಡಿದು ಜೌಗಿನ ದಂಡೆಯಲ್ಲಿ ನಿಂತಿರುತ್ತಿತ್ತು. ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ. ಶಾಲೆಯಲ್ಲಿ ಮಕ್ಕಳ ಪಾಳಿ ಬಂದಾಗ ಮೇಷ್ಟ್ರು ಅರ್ಧ ಲೆಕ್ಕಕ್ಕೇ ಬೋರ್ಡು ಬಿಟ್ಟು ಅವರ ಹಿಂದೆ ಹೊರಡುತ್ತಿದ್ದರು. ಹೊಸ ಮದುಮಕ್ಕಳಿಗೆ ಸೀರೆಯ ಮರೆ ಕಟ್ಟಿಕೊಡುತ್ತಿದ್ದೆವು. ಗೊರಕೆಯವರನ್ನೆಲ್ಲ ಒಂದೇ ಪಾಳಿಗೆ ಹಾಕಿದ್ದರಿಂದ ಅವರಲ್ಲೇ ಒಂದು ಸ್ನೇಹ ಬೆಳೆದಿತ್ತು. ಯಾರಾದರೂ ಸುಮ್ಮಸುಮ್ಮನೆ ಸಿಡುಕಿದರೆ ‘ನಿಮ್ಮ ಪಾಳಿ ಯಾವಾಗ?’ ಅಂತ ಕೇಳಿ ನಾವೇ ಸುಮ್ಮನಾಗುತ್ತಿದ್ದೆವು. ಎಲ್ಲರ ಕಣ್ಣ ಕೆಳಗೂ ಕಾಡಿಗೆ ಒರೆಸಿದಂಥ ಕಪ್ಪು. ಅದೇ ಊರಿನ ಮುಖ ಅನ್ನುವಷ್ಟು ರೂಢಿಯಾಗಿತ್ತು.

ರೂಢಿಯಾಗದೆ ಉಳಿದದ್ದು ಕೂಸುಗಳ ವಿಷಯ. ಎಳೆಮಕ್ಕಳಿಗೆ ದಿನವಿಡೀ ನಿದ್ದೆ ಬೇಕು, ಅವಕ್ಕೆ ಪಾಳಿ ಹೇಳಲಾಗದು. ಅದಕ್ಕೆ ಬುಡದ ಸುತ್ತಲಿನ ಜಾಗ ತಾಯಂದಿರಿಗೆ ಅಂತ ಬಿಟ್ಟಿದ್ದೆವು. ನಾನು ಹೇಳಹೊರಟ ವರ್ಷ ಮರದ ತೆಂಕಣ ಭಾಗದ ದೊಡ್ಡ ಕೊಂಬೆ ಒಣಗಿ, ನೆರಳು ಕಿರಿದಾಯಿತು. ನೆರಳು ಸರಿದಲ್ಲಿ ನಿದ್ದೆಯೂ ಇಲ್ಲ. ಪಾಳಿಗಳನ್ನು ಕತ್ತರಿಸಿದೆವು, ಜಗಳಗಳು ಹೆಚ್ಚಿದವು. ಬಳೆಗಾರರ ಮನೆಯ ಸುಗುಣಳ ಚೊಚ್ಚಲ ಕೂಸು ಹಗಲೆಲ್ಲ ಅಳುತ್ತಿತ್ತು. ಅವಳು ಅದನ್ನು ಎದೆಗವಚಿಕೊಂಡು ನೆರಳಿನ ಅಂಚಿನಲ್ಲಿ ನಿಂತು, ‘ದ್ಯಾವಕ್ಕಾ, ಒಂದು ಮೊರದಷ್ಟು ಜಾಗ ಸಾಕು, ನಾನು ಮಲಗಲ್ಲ, ಇದೊಂದು ಮಲಗ್ಲಿ’ ಅನ್ನುತ್ತಿದ್ದಳು. ನಾನು ಯಾರದೋ ಕಾಲು ಮಡಿಸಿ ಜಾಗ ಮಾಡಿಕೊಡುತ್ತಿದ್ದೆ.

ಆ ಹೊತ್ತಿಗೇ ಐರಿನ್ ಮೇಡಂ ಬಂದರು. ನಾಶವಾಗುತ್ತಿರುವ ಮರಗಳನ್ನು ಹುಡುಕಿಕೊಂಡು ಕಾಡು ಸುತ್ತುವುದು ಅವರ ಕೆಲಸ. ಬೆನ್ನಿಗೊಂದು ದೊಡ್ಡ ಚೀಲ, ಕುತ್ತಿಗೆಗೆ ದುರ್ಬೀನು. ಶಾಲೆಯ ಕೋಣೆಯಲ್ಲಿ ಉಳಿದುಕೊಂಡರು. ಮಾರನೆಯ ದಿನ ಕಣ್ಣು ಕೆಂಪಾಗಿಸಿಕೊಂಡು ಬಂದು, ‘ನನಗೂ ಒಂದು ಪಾಳಿ ಕೊಡಿ ದ್ಯಾವಕ್ಕ’ ಅಂದಾಗ ನನಗೆ ನಗು ಬಂತು. ಗೊರಕೆಯವರ ಗುಂಪಿನಲ್ಲಿ ಮಾತ್ರ ಜಾಗವಿತ್ತು. ಅಲ್ಲೇ ಮಲಗಿದರು, ಬೇಸರಿಸಿಕೊಳ್ಳಲಿಲ್ಲ.

ಅವರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಉದುರಿದ ಹೂಗಳನ್ನು ಅಂಗೈಯಲ್ಲಿಟ್ಟು ಬಿಡಿಸಿದರು. ನಮ್ಮ ಮರ ವರ್ಷವೂ ಹೂ ಬಿಡುತ್ತಿತ್ತು, ಕೆನೆಬಣ್ಣದ ಪುಟ್ಟ ಬುಗುರಿಯಂಥ ಹೂ. ವರ್ಷವೂ ಅಷ್ಟೂ ಉದುರುತ್ತಿತ್ತು. ಕಾಯಿ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

‘ಇದು ಹೆಣ್ಣು ಮರ’ ಅಂದರು ಮೇಡಂ. ‘ಈ ಜಾತಿಯಲ್ಲಿ ಹೆಣ್ಣು ಬೇರೆ, ಗಂಡು ಬೇರೆ. ಗಂಡಿನ ಹೂ ಪಕ್ಕದಲ್ಲಿಲ್ಲದೆ ಕಾಯಿ ಕಟ್ಟುವುದಿಲ್ಲ. ಇದು ಇಷ್ಟು ವರ್ಷದಿಂದ ಒಂಟಿಯಾಗಿ ಹೂ ಬಿಡುತ್ತಾ ಬಂದಿದೆ.’

ಹಾಲಪ್ಪನವರು ನಕ್ಕರು. ‘ಹಂಗಾರೆ ಗಂಡು ಹುಡುಕ್ಬೇಕು ಅನ್ನಿ. ಜಾತಕ ಯಾರ ಕೈಲಿ ಕೊಡೋಣ ಮೇಡಂ?’

ಮೇಡಂ ಕೂಡ ನಕ್ಕರು, ಆದರೆ ಗುಡ್ಡವನ್ನೆಲ್ಲ ಹುಡುಕಿ ಬಂದ ಆಯಾಸ ಅವರ ಮುಖದಲ್ಲಿತ್ತು. ಈಚೆ ದಂಡೆಯ ಕಾಡಿನಲ್ಲಿ ಈ ಜಾತಿಯ ಒಂದು ಸಸಿಯೂ ಅವರಿಗೆ ಸಿಕ್ಕಿರಲಿಲ್ಲ. ಮಳೆಗಾಲದಲ್ಲಿ ಸೊಕ್ಕಿ ಹರಿಯುವ ಹೊಳೆಯ ಆಚೆ ದಂಡೆಗೆ ಯಾರೂ ಹೋಗುತ್ತಿರಲಿಲ್ಲ. ನಿದ್ದೆಯಿಂದ ಅಷ್ಟು ದೂರ ಹೋಗಲು ನಮ್ಮವರಿಗೆ ಭಯ.

ಆ ವಾರದ ಸಂತೆಗೆ ಶೇಷಿ ಬಂದಳು. ಅವಳು ಅಪರೂಪಕ್ಕೊಮ್ಮೆ ಬಂದು ಜೇನು, ಸಾರಿನ ಹುಳಿಗೆ ಹಾಕುವ ಮುರುಗಲು ಸಿಪ್ಪೆ ಮಾರಿ, ಉಪ್ಪು ಎಣ್ಣೆ ಕೊಂಡು, ಬಿಸಿಲು ಏರುವ ಮೊದಲು ಹೊರಟುಬಿಡುತ್ತಿದ್ದಳು. ಸೆರಗನ್ನು ಹಣೆಯ ಮೇಲಿನವರೆಗೂ ಎಳೆದುಕೊಂಡು ತಲೆ ತಗ್ಗಿಸಿ ಕೂರುವುದರಿಂದ ಯಾರೂ ಅವಳ ಮುಖ ಸರಿಯಾಗಿ ನೋಡಿರಲಿಲ್ಲ. ನಿದ್ದೆಗೆ ಏನು ಮಾಡುತ್ತೀಯ ಅಂತ ಕೇಳಿದರೆ ‘ಹೆಂಗೋ ಆಗ್ತದೆ’ ಅಂದು ಮಾತು ಮುಗಿಸುತ್ತಿದ್ದಳು. ಆ ದಿನ ಗಾಳಿಗೆ ಸೆರಗು ಜಾರಿತು. ನಾನು ಎದುರಿಗೇ ನಿಂತಿದ್ದೆ. ಮಲಗಿದವರ ಮುಖ, ಎದ್ದವರ ಮುಖ, ಅರ್ಧ ನಿದ್ದೆಗೆ ಎದ್ದವರ ಮುಖ ನೋಡುವುದರಲ್ಲೇ ನನ್ನ ಆಯುಷ್ಯ ಕಳೆದಿದೆ. ಶೇಷಿಯ ಮುಖದಲ್ಲಿ ಕಪ್ಪು ಇರಲಿಲ್ಲ. ಕಣ್ಣಿನ ಬಿಳಿ ತೊಳೆದಿಟ್ಟ ಹಾಗಿತ್ತು. ನನಗಿಂತ ಕಿರಿಯಳೇ ಹೌದು, ಆದರೆ ಆ ಕ್ಷಣಕ್ಕೆ ನನ್ನ ಮಗಳ ಹಾಗೆ ಕಂಡಳು.

‘ಶೇಷಿ’ ಅಂದೆ. ‘ನೀನು ಮಲಗ್ತೀಯ.’

ಅವಳು ಸೆರಗು ಎಳೆದುಕೊಂಡಳು. ‘ಮೆಲ್ಲಗೆ ಮಾತಾಡಕ್ಕ.’

‘ಎಲ್ಲಿ ಮಲಗ್ತೀಯ?’

‘ನೀ ಕೇಳ್ಬೇಡ. ಕೇಳಿದ್ರೆ ನಂಗೆ ಸುಳ್ಳು ಹೇಳಕ್ಕೆ ಬರಲ್ಲ.’  ಮುರುಗಲು ಸಿಪ್ಪೆಯ ರಾಶಿಯನ್ನು ಅರ್ಧಕ್ಕೇ ಬುಟ್ಟಿಗೆ ಸುರಿದುಕೊಂಡಳು. ಹೊರಡುವವಳು ತಿರುಗಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಅವಳಿಗೇನು ಕಂಡಿತೋ ಗೊತ್ತಿಲ್ಲ. ‘ಬಾ’ ಅಂದಳು. ‘ಒಬ್ಬಳೇ ಬಾ.’

ಕೂತಲ್ಲಿಂದಲೇ ಕೋಲಿನಿಂದ ತಟ್ಟಿ ಎಬ್ಬಿಸಿ ಅಂತ ನನ್ನ ಕೆಲಸವನ್ನು ಅತ್ತೆಗೆ ಒಪ್ಪಿಸಿ ಹೊರಟೆ. ಹೊಳೆಯಲ್ಲಿ ಮೊಣಕಾಲು ಮಟ್ಟದ ನೀರಿತ್ತು. ಆಚೆ ದಂಡೆ ಹತ್ತಿ, ಬೆತ್ತದ ಮೆಳೆಯೊಳಗೆ ಬಗ್ಗಿ ನುಸುಳಿ, ಇಳಿಜಾರು ಇಳಿದರೆ ಎರಡು ಗುಡ್ಡಗಳ ನಡುವೆ ಒಂದು ಕಮರಿ. ತಳದಲ್ಲಿ ನೀರು ನಿಂತ ಕಪ್ಪು ಕೆಸರು. ಆ ಕೆಸರಿನ ತುಂಬ ಮೊಣಕಾಲುಗಳು ಎದ್ದಿದ್ದವು, ಪಾಚಿ ಹಿಡಿದ, ಯಾರ ತಲೆಯೂ ತಾಗದ ಮೊಣಕಾಲುಗಳು. ನಡುವೆ ಮರ. ನಮ್ಮ ಊರಿನ ಮರ ಅದರ ಮುಂದೆ ಕಾಯಿಲೆಬಿದ್ದ ಮುದುಕಿಯ ಹಾಗೆ. ಇದರ ಎಲೆ ಕಡುಹಸಿರು, ಸೂರ್ಯನ ಬೆಳಕು ನೆಲ ಮುಟ್ಟುತ್ತಲೇ ಇರಲಿಲ್ಲ. ಕೊಂಬೆಗಳ ತುಂಬ ಕೆನೆಬಣ್ಣದ ಹೂಗೊಂಚಲು. ಶೇಷಿ ಕೆಸರಿನ ಅಂಚಿನಲ್ಲಿ, ಬೇರಿಲ್ಲದ ಕಡೆ ನಾಲ್ಕು ಕಂಬ ಊರಿ ಬಿದಿರಿನ ಅಟ್ಟಣಿಗೆ ಕಟ್ಟಿಕೊಂಡಿದ್ದಳು.

‘ಹತ್ತು’ ಅಂದಳು. ‘ಕೆಳಗೆ ಕಾಲಿಡ್ಬೇಡ.’

ಹತ್ತಿದೆ. ಏನೋ ಕೇಳಬೇಕು ಅಂತ ಬಾಯಿ ತೆರೆದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಎಲ್ಲಿದ್ದೇನೆ ಅಂತ ತಿಳಿಯಲಿಲ್ಲ. ಮೈ ಹಗುರಾಗಿತ್ತು, ಕುತ್ತಿಗೆಯ ಗಂಟು ಸಡಿಲಿತ್ತು. ಒಂದು ಹಕ್ಕಿ ಕೂಗುತ್ತಿತ್ತು. ಯಾರಾದರೂ ನನ್ನ ಹೆಗಲು ಮುಟ್ಟಿದರೇ ಅಂತ ನೋಡಿದೆ, ಯಾರೂ ಮುಟ್ಟಿರಲಿಲ್ಲ. ಶೇಷಿ ದೂರದಲ್ಲಿ ಗೆಣಸು ಸುಡುತ್ತಿದ್ದಳು. ನಾನು ನಾನಾಗಿಯೇ ಎದ್ದಿದ್ದೆ. ಅಷ್ಟು ವಯಸ್ಸಿಗೆ ಅದು ಮೊದಲ ಸಲ. ಅಳು ಬಂದುಬಿಟ್ಟಿತು. ಅವಳು ಗೆಣಸಿನ ಸಿಪ್ಪೆ ಸುಲಿದು ನನ್ನ ಕೈಗಿಟ್ಟು, ‘ಮೊದಲ ಸಲ ನಂಗೂ ಹಿಂಗೇ ಆಗಿತ್ತು’ ಅಂದಳು.

ನಾನು ಊರಿನ ಮರದ ಸ್ಥಿತಿ ಹೇಳಿದೆ. ಸುಗುಣಳ ಕೂಸಿನ ಬಗ್ಗೆ ಹೇಳಿದೆ, ಮೇಡಂ ಹೇಳಿದ್ದನ್ನೂ ಹೇಳಿದೆ. ಅವಳು ಬೆಂಕಿ ಕೆದಕುತ್ತಾ ಕೇಳಿಸಿಕೊಂಡಳು.

‘ಅಕ್ಕ, ಇವತ್ತು ಒಬ್ಬರಿಗೆ ಗೊತ್ತಾದ್ರೆ ನಾಳೆ ಇಡೀ ಊರು ಇಲ್ಲಿರುತ್ತೆ. ಆ ಬೇರಿನ ಮೇಲೆ ಚಾಪೆ ಹಾಸ್ತಾರೆ. ಆಮೇಲೆ ಇದೂ ಇಲ್ಲ, ಅದೂ ಇಲ್ಲ. ಕೆಟ್ಟೋರು ಅಂತ ಹೇಳ್ತಿಲ್ಲ ನಾನು. ನಿದ್ದೆಗೆಟ್ಟೋರು.’

‘ನಾನು ಯಾರಿಗೂ ಹೇಳಲ್ಲ’ ಅಂದೆ. ‘ಮೇಡಂ ಒಬ್ಬರಿಗೆ ಮಾತ್ರ. ಇದು ಗಂಡು ಮರ ಆಗಿದ್ರೂ ಆಗಿರ್ಬೋದು. ನಂಗೆ ಬೇಕಾಗಿರೋದು ನಾಲ್ಕು ಹೂವಿನ ಕೊಂಬೆ, ಅಷ್ಟೇ.’

ಅವಳು ಉರಿಯುತ್ತಿದ್ದ ಕೊಳ್ಳಿಗಳನ್ನು ಒಂದೊಂದಾಗಿ ಹಿಂದಕ್ಕೆಳೆದಳು. ಆಮೇಲೆ ಎದ್ದು ಕತ್ತಿ ತಂದಳು.

ಕೊಂಬೆಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಮೇಲೆ ಸೊಪ್ಪು ಹರಡಿಕೊಂಡು ಊರಿಗೆ ತಂದೆ. ಮೇಡಂ ಬುಟ್ಟಿಯೊಳಗೆ ಇಣುಕಿದವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಹೂವಿನೊಳಗೆ ಸಾಸಿವೆಗಿಂತ ಚಿಕ್ಕ ಕಂದು ಹುಳುಗಳು ಓಡಾಡುತ್ತಿದ್ದವು. ‘ಗಂಡು ಹೂ. ಈ ಹುಳುಗಳೇ ಬೇಕಾಗಿದ್ದವು’ ಅಂದರು. ‘ಮೈಗೆಲ್ಲ ಪರಾಗ ಮೆತ್ತಿಕೊಂಡು ಬಂದಿವೆ ನೋಡಿ. ಎಲ್ಲಿ ಸಿಕ್ಕಿತು ಅಂತ ನಾನು ಕೇಳುವುದಿಲ್ಲ.’ ನಿಜಕ್ಕೂ ಅವರು ಕೇಳಲಿಲ್ಲ.

ಉದ್ದ ಬಿದಿರಿನ ತುದಿಗೆ ಕೊಕ್ಕೆ ಕಟ್ಟಿ, ಗಂಡು ಹೂವಿನ ಕೊಂಬೆಗಳನ್ನು ನಮ್ಮ ಮರದ ಹೂಗಳ ನಡುವೆ ನೇತುಹಾಕಿದೆವು. ಕೆಳಗೆ ಮಲಗಿದ್ದವರ ಮೇಲೆ ಎರಡು ಮೂರು ಹೂ ಬಿದ್ದವು, ಅವರು ಮಗ್ಗುಲು ಬದಲಿಸಿದರು ಅಷ್ಟೇ. ದಂಡೆಯಲ್ಲಿ ನಿಂತವರು ಏನಿದು ಅಂತ ಕೇಳಿದರು. ಔಷಧಿ ಅಂದೆ. ಸುಳ್ಳೇನೂ ಆಗಿರಲಿಲ್ಲ.

ಆ ವರ್ಷವೂ ಹೂ ಉದುರತೊಡಗಿತು. ಆದರೆ ಒಂದು ಬೆಳಿಗ್ಗೆ ಅತ್ತೆ ತಲೆಯೆತ್ತಿ ನೋಡುತ್ತಾ ಕೂತಿದ್ದವರು ನನ್ನನ್ನು ಕರೆದು, ‘ಅದೆಂಥದೇ ಅದು, ಎಲೆಯ ಸಂದಿಲಿ?’ ಅಂದರು. ಬಟಾಣಿ ಗಾತ್ರದ ಹಸಿರು. ಅದರ ಪಕ್ಕ ಇನ್ನೊಂದು. ಬೀದಿಬೀದಿಯಿಂದ ಜನ ಓಡಿ ಬಂದರು. ಪಾಳಿಯಲ್ಲಿ ಮಲಗಿದ್ದವರೂ ಗದ್ದಲಕ್ಕೆ ಎದ್ದರು. ನಾನು ಎಬ್ಬಿಸದೆ ಊರು ಎದ್ದ ದಿನ ಅದು. ಹಾಲಪ್ಪನವರು ಎಲ್ಲರಿಗೂ ಬೆಲ್ಲ ಹಂಚಿದರು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬರುವಷ್ಟರಲ್ಲಿ ಒಂದೊಂದೇ ಉದುರಲು ಶುರುವಾಯಿತು. ಮಲಗಿದವರ ಹೊಟ್ಟೆಯ ಮೇಲೆ, ಚಾಪೆಯ ಮೇಲೆ ಟಪ್ ಟಪ್ ಅಂತ ಬೀಳುತ್ತಿತ್ತು. ಮೇಡಂ ನೆಲಕ್ಕೆ ಗುದ್ದಲಿ ಊರಲು ನೋಡಿದರು, ಅದು ಕಲ್ಲಿಗೆ ತಾಗಿದ ಹಾಗೆ ಠಣ್ ಅಂದಿತು. ಅವರು ಪಂಚಾಯಿತಿಗೆ ಬಂದು ಹೇಳಿದ್ದು ಇಷ್ಟು: ಮರಕ್ಕೆ ಕಾಯಿ ಸಾಕುವ ಶಕ್ತಿ ಇಲ್ಲ. ಬೇರಿಗೆ ನೀರಿಲ್ಲ, ಗಾಳಿಯಿಲ್ಲ. ಕಾಯಿ ಹಣ್ಣಾಗುವವರೆಗೆ ಇದರ ಕೆಳಗೆ ಯಾರೂ ಮಲಗಬಾರದು. ನೆಲ ಸಡಿಲಿಸಿ, ಸೊಪ್ಪು ಹರಡಿ, ಹೊಳೆಯ ನೀರು ಹಾಯಿಸಬೇಕು.

ಗಿರಣಿಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಮೇಡಂ ಮಾತು ಮುಗಿಸಿದಾಗ ಯಾರೂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ವೀರಾಚಾರಿ ಎದ್ದು ನಿಂತ. ಎರಡು ಪಾಳಿ ತಪ್ಪಿ ಅವನ ಕಣ್ಣು ಗುಳಿಬಿದ್ದಿತ್ತು.

‘ಮೇಡಂ, ನೀವು ಹೇಳೋದು ನಿಜಾನೇ ಇರ್ಬೋದು. ಆದ್ರೆ ಹಣ್ಣಾಗೋವರೆಗೆ ನಾವು ಉಳೀಬೇಕಲ್ಲ? ನಂದು ಬಿಡಿ. ಆ ಕೂಸುಗಳು?’

ಸುಗುಣ ಕೂಸನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿದಳು.  ಉತ್ತರ ನನ್ನ ಹತ್ತಿರ ಇತ್ತು, ಆದರೆ ಹೇಳುವ ಹಾಗಿರಲಿಲ್ಲ. ನಾನು ಹಿಂದಿನ ದಿನವಷ್ಟೇ ಕಮರಿಗೆ ಹೋಗಿ, ಕಾಯಿ ಕಟ್ಟಿದ್ದನ್ನೂ ಉದುರುತ್ತಿರುವುದನ್ನೂ ಮಾರನೆಯ ದಿನ ಸಭೆ ಸೇರುವುದನ್ನೂ ಶೇಷಿಗೆ ಹೇಳಿ ಬಂದಿದ್ದೆ. ಅವಳು ಹೂಂ ಅಂದಿದ್ದಳು.  ಬಾಯಿ ತೆರೆದರೆ ತಂಗಿಯ ಮರ ಹೋಗುತ್ತದೆ, ತೆರೆಯದಿದ್ದರೆ ಊರಿನ ಮರ ಹೋಗುತ್ತದೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

‘ನನ್ನ ಹತ್ರ ಒಂದು ಮರ ಇದೆ.’

ಧ್ವನಿ ಹಿಂದಿನಿಂದ ಬಂತು. ಗಿರಣಿಯ ಬಾಗಿಲ ಹತ್ತಿರ ಶೇಷಿ ನಿಂತಿದ್ದಳು. ಸೆರಗು ಹೆಗಲ ಮೇಲಿತ್ತು, ಮುಖ ಎಲ್ಲರಿಗೂ ಕಾಣುತ್ತಿತ್ತು. ಆ ಮುಖ ನೋಡಿದ ಮೇಲೆ ಯಾರಿಗೂ ವಿವರಣೆ ಬೇಕಾಗಲಿಲ್ಲ. ಹೆಂಗಸರ ಸಾಲಿನಿಂದ ಒಂದು ನಿಟ್ಟುಸಿರು ಎದ್ದಿತು.

‘ಆಚೆ ದಂಡೆ ಕಮರಿಲಿದೆ. ನಿಮಗೆ ತೋರಿಸ್ತೀನಿ’ ಅಂದಳು.  ‘ಆದ್ರೆ ಅಲ್ಲಿ ನಾನು ಹೇಳಿದ ಹಾಗೆ. ಬೇರಿನ ಮೇಲೆ ಒಂದು ಕಾಲೂ ಬೀಳಕೂಡದು. ಅಟ್ಟಣಿಗೆ ಕಟ್ಟಿ ಅದರ ಮೇಲೆ ಮಲಗಿ, ಎದ್ದು ಬನ್ನಿ. ಕಾಲಿಟ್ಟೋರಿಗೆ ಮತ್ತೆ ಅಲ್ಲಿ ಜಾಗ ಇಲ್ಲ, ಅವರು ಅಧ್ಯಕ್ಷರಾಗಿರ್ಲಿ, ನನ್ನ ಅಕ್ಕ ಆಗಿರ್ಲಿ.’

ಹಾಲಪ್ಪನವರು ಕೈಮುಗಿದರು.  ಜನ ದಾರಿ ಬಿಟ್ಟುಕೊಟ್ಟರು. ವೀರಾಚಾರಿ ಅವಳ ಎದುರು ಬಂದು ನಿಂತ. ಅವನು ಎತ್ತರದ ಆಳು, ಅವಳು ಅವನ ಎದೆಮಟ್ಟಕ್ಕೆ. 

‘ಶೇಷಮ್ಮ’ ಅಂದ. ‘ಗಿರಣಿ ಮರಕ್ಕೆ ಬೇಲಿ ಎಲ್ಲಿಂದ ಎಲ್ಲಿಗೆ ಕಟ್ಲಿ?’

ಅವಳು ಅವನನ್ನೇ ನೋಡಿದಳು. ಆಮೇಲೆ ಅಂಗಳ ದಾಟಿ ಹೋಗಿ, ಮರದ ನೆರಳಿನ ಹೊರಗೆ ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಾ ನಡೆದಳು. ವೀರಾಚಾರಿ ಅವಳ ಹಿಂದೆ ಗೂಟ ನೆಡುತ್ತಾ ಹೋದ.

ಆ ದಿನಗಳ ಕಷ್ಟ ಸಣ್ಣದಾಗಿರಲಿಲ್ಲ. ಹೊಳೆ ದಾಟಲು ಅಡಿಕೆ ಮರದ ಸೀಳು ಜೋಡಿಸಿ ಕಾಲುಸಂಕ ಹಾಕಿದೆವು. ಕೆಸರಿನ ಅಂಚಿನಲ್ಲಿ ಬಿದಿರಿನ ಅಟ್ಟಣಿಗೆಗಳು ಎದ್ದವು. ಮುದುಕರನ್ನು ಹೊತ್ತುಕೊಂಡು ಹೋದೆವು. ಶೇಷಿ ಕಮರಿಯ ಬಾಯಲ್ಲಿ ಕೋಲು ಹಿಡಿದು ಕೂರುತ್ತಿದ್ದಳು. ಹಾಲಪ್ಪನವರು ಒಮ್ಮೆ ನಿದ್ದೆಗಣ್ಣಿನಲ್ಲಿ ಕಾಲು ಕೆಳಗೆ ಬಿಟ್ಟರು ಅಂತ ಅವರನ್ನು ಮಾತು ತಪ್ಪದೆ ವಾಪಸು ಕಳಿಸಿದಳು. ಅವರ ಹೆಂಡತಿ ಬಂದು ಬೇಡಿಕೊಂಡ ಮೇಲೆ, ಎರಡು ಕಾಲನ್ನೂ ಸೇರಿಸಿ ಹಗ್ಗದಲ್ಲಿ ಕಟ್ಟಿಕೊಂಡು ಮಲಗುವುದಾದರೆ ಆಗಬಹುದು ಅಂದಳು. ಅವರು ಹಾಗೇ ಮಲಗಿದರು. ಊರು ನಕ್ಕಿತು, ಅವರೂ ನಕ್ಕರು. ಕಮರಿಯಲ್ಲಿ ನಿದ್ದೆ ದಟ್ಟವಾಗಿತ್ತು, ಅರ್ಧ ಹೊತ್ತಿಗೇ ಮೈ ತಣಿಯುತ್ತಿತ್ತು. ಎಷ್ಟೋ ಜನ ನಾನು ಹೋಗುವಷ್ಟರಲ್ಲಿ ಎದ್ದು ಚಾಪೆ ಸುತ್ತುತ್ತಿರುತ್ತಿದ್ದರು.

ಇತ್ತ ಗಿರಣಿಯ ಹಿಂದೆ ನೆಲ ಮೆದುವಾಯಿತು. ಮೇಡಂ ಹೇಳಿದ ಹಾಗೆ ಬೇರಿಗೆ ತಾಗದಂತೆ ಕೈಯಿಂದಲೇ ಮಣ್ಣು ಸಡಿಲಿಸಿದೆವು. ನೀರು ಹಾಯಿಸಿದಾಗ ಮೊದಲ ದಿನ ಅದು ಮೇಲೇ ನಿಂತಿತ್ತು. ಬರಬರುತ್ತಾ ಇಂಗತೊಡಗಿತು. ಉದುರುವುದು ನಿಂತಿತು. ಉಳಿದ ಕಾಯಿಗಳು ನಿಂಬೆಯಷ್ಟಾಗಿ, ಹಳದಿಗೆ ತಿರುಗಿ, ಮುಂಗಾರಿನ ಮೊದಲ ಮಳೆಗೆ ಬಿರಿದವು. ಒಳಗೆ ಕೆಂಪು ಜಾಲರಿ ಹೊದ್ದ ಕರಿಬೀಜ. ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಎಲ್ಲಿಂದಲೋ ಬಂದು ನುಂಗತೊಡಗಿದಾಗ ವೀರಾಚಾರಿ ಕಲ್ಲು ಎತ್ತಿಕೊಂಡ. ಮೇಡಂ ಅವನ ಕೈ ಹಿಡಿದರು. ‘ಬಿಡಿ, ತಿನ್ನಲಿ. ಅವು ನಮಗಿಂತ ದೂರ ಹೋಗಿ ಬಿತ್ತುತ್ತವೆ.’

ಬೀಜ ಒಣಗಿದರೆ ಸತ್ತಿತು ಅಂತ ಲೆಕ್ಕ. ಬಿದ್ದದ್ದನ್ನು ಅಂದಂದೇ ಎತ್ತಿ ಒದ್ದೆ ಮಣ್ಣಿಗೆ ಹಾಕಬೇಕಿತ್ತು. ಕೆಲವನ್ನು ಕಮರಿಯ ಕೆಸರಿಗೆ, ಕೆಲವನ್ನು ಹೊಳೆದಂಡೆಗೆ, ಉಳಿದದ್ದನ್ನು ಬಚ್ಚಲ ನೀರು ಹರಿಯುವ ಹಿತ್ತಿಲುಗಳಿಗೆ ಊರಿದೆವು. ಬಹಳಷ್ಟು ಕೊಳೆತವು. ಇಲಿ ತಿಂದವು ಎಷ್ಟೋ. ಎದ್ದ ಸಸಿಗಳನ್ನು ಜನ ಮನೆಯ ಮಗುವಿನ ಹಾಗೆ ಕಾದರು. ಮೇಡಂ ಊರಿಂದ ಹೊರಡುವಾಗ ಒಂದೊಂದು ಸಸಿಯ ಹತ್ತಿರವೂ ಕುಕ್ಕರುಗಾಲಲ್ಲಿ ಕೂತು, ಎಲೆಯನ್ನು ಬೆರಳಿನಲ್ಲಿ ಮುಟ್ಟಿ ಹೋದರು. ವರ್ಷಕ್ಕೊಮ್ಮೆ ಬರುತ್ತಾರೆ, ಗೊರಕೆಯವರ ಜೊತೆಗೇ ಮಲಗುತ್ತಾರೆ.

ಗಿರಣಿಯ ಮರ ಚಿಗುರಿತು. ಒಣಗಿದ ಕೊಂಬೆ ಹೋಯಿತು, ಪಕ್ಕದಿಂದ ಹೊಸದು ಬಂತು. ಈಗ ಅಲ್ಲೂ ಅಟ್ಟಣಿಗೆ ಇದೆ, ಬೇಲಿಯೊಳಗೆ ಯಾರೂ ಹೋಗುವುದಿಲ್ಲ. ಶೇಷಿ ಒಂದು ಕಾಲು ಆಚೆ, ಒಂದು ಕಾಲು ಈಚೆ ಅನ್ನುವಂತೆ ಇದ್ದಾಳೆ. ಸಂತೆಯ ದಿನ ನಮ್ಮಲ್ಲೇ ಉಳಿಯುತ್ತಾಳೆ.

ಆದರೆ ಆ ಸಸಿಗಳಿಗೆ ನಿದ್ದೆ ಕೊಡುವ ಶಕ್ತಿ ಇದೆಯೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಎಷ್ಟು ಬೆಳೆದರೆ ಮರ ಮರವಾಗುತ್ತದೆ ಅಂತ ಹೇಳುವವರು ಯಾರೂ ಉಳಿದಿರಲಿಲ್ಲ. ಮಂಡಿಯೆತ್ತರದ ಸಸಿಯ ಪಕ್ಕ ತಲೆಯಿಟ್ಟು ನೋಡಿದವರಿದ್ದರು, ಏನೂ ಆಗಲಿಲ್ಲ. ಇನ್ನೇನಿದ್ದರೂ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಅಂದುಕೊಂಡೆವು. ಎರಡು ಮಳೆಗಾಲ ಕಳೆದವು. ಸುಗುಣಳ ಮೊದಲ ಮಗಳು ಬೀದಿಯಲ್ಲಿ ಓಡಾಡುವಂತಾದಳು, ಎರಡನೆಯದು ಹುಟ್ಟಿತು.

ಒಂದು ಸಂತೆಯ ಮಧ್ಯಾಹ್ನ ನಾನೂ ಶೇಷಿಯೂ ಸುಗುಣಳ ಮನೆಯ ಹಿಂದೆ ಹಾದುಬರುತ್ತಿದ್ದೆವು. ಅವಳ ಬಚ್ಚಲ ಹತ್ತಿರದ ಸಸಿ ಊರಲ್ಲೇ ಚೆನ್ನಾಗಿ ಬೆಳೆದದ್ದು, ಆಳೆತ್ತರ ದಾಟಿ ಕೊಡೆಯ ಹಾಗೆ ಬಿಚ್ಚಿಕೊಂಡಿತ್ತು. ಸುಗುಣ ಬಟ್ಟೆ ಒಗೆಯುತ್ತಿದ್ದಳು. ಕೂಸನ್ನು ಬಿಸಿಲು ತಾಗದಿರಲಿ ಅಂತ ಮೊರದಲ್ಲಿ ಹಳೆ ಸೀರೆ ಹಾಸಿ ಸಸಿಯ ನೆರಳಿನಲ್ಲಿಟ್ಟಿದ್ದಳು. ನಮ್ಮನ್ನು ನೋಡಿ ಕೈ ಒರೆಸಿಕೊಂಡು ಎದ್ದಳು. ಏನೋ ಹೇಳಲು ಹೋದವಳು ಕೂಸಿನ ಕಡೆ ನೋಡಿ ಹಾಗೇ ನಿಂತಳು.

ಕೂಸು ಕೈಕಾಲು ಆಡಿಸುತ್ತಿರಲಿಲ್ಲ. ಸುಗುಣಳ ಮುಖದ ಬಣ್ಣ ಇಳಿಯಿತು. ನಾನು ಓಡಿ ಹೋಗಿ ಬಗ್ಗಿದೆ. ಬೇರೆ ಯಾವುದರಲ್ಲಿ ತಪ್ಪಿದರೂ ಇದರಲ್ಲಿ ನಾನು ತಪ್ಪುವುದಿಲ್ಲ. ಮುಷ್ಟಿ ಸಡಿಲವಾಗಿತ್ತು. ತುಟಿ ಚೀಪುವಂತೆ ಆಡುತ್ತಿತ್ತು. ರೆಪ್ಪೆಯ ಕೆಳಗೆ ಕಣ್ಣು ಮೆಲ್ಲಗೆ ಹೊರಳುತ್ತಿತ್ತು.

‘ಮಲಗಿದೆ’ ಅಂದೆ.  ‘ಸುಗುಣ, ಇದು ನಿಮ್ಮನೆಯಲ್ಲೇ ಮಲಗಿದೆ.’

ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿದರು. ಅವರು ಇನ್ನೊಬ್ಬರನ್ನು ಕರೆದರು. ಬರುವವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಬಂದರು. ವೀರಾಚಾರಿ ಬಾಯಿಗೆ ಅಂಗವಸ್ತ್ರ ಒತ್ತಿಕೊಂಡು ನಿಂತ, ಅವನ ಹೆಗಲು ಕುಲುಕುತ್ತಿತ್ತು.  ಸುಗುಣ ಮೊರದ ಪಕ್ಕ ಕೂತಳು, ಎದ್ದಳು, ಮತ್ತೆ ಕೂತಳು. ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದವಳ ಹಾಗೆ ಸೊಂಟಕ್ಕೆ ಒರೆಸಿಕೊಂಡಳು.

‘ಶೇಷಕ್ಕ’ ಅಂದಳು ಪಿಸುದನಿಯಲ್ಲಿ. ‘ಇದು ಮಲಗಿಬಿಟ್ಟಿದೆಯಲ್ಲ. ಈಗ ನಾನೇನ್ ಮಾಡ್ಲಿ?’

‘ನಿಂದು ಊಟ ಆಯ್ತಾ?’

‘ಇಲ್ಲ.’

‘ಹಂಗಾರೆ ಹೋಗಿ ಉಣ್ಣು.’

ಅವಳು ನಂಬದವಳ ಹಾಗೆ ನಮ್ಮಿಬ್ಬರ ಮುಖ ನೋಡಿದಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು, ಮತ್ತೆರಡು ಹೆಜ್ಜೆ ಹೋಗಿ ತಿರುಗಿದಳು, ಆಮೇಲೆ ಒಳಗೆ ಹೋದಳು. ನಾವು ನೊಣ ಓಡಿಸುತ್ತಾ ಮೊರದ ಪಕ್ಕ ಕೂತೆವು. ತಟ್ಟೆ ಇಟ್ಟ ಸದ್ದು ಕೇಳಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಾತ್ರೆಯ ಮುಚ್ಚಳ ತೆಗೆದು, ಅವಳು ಎರಡನೇ ಸಲ ಅನ್ನ ಬಡಿಸಿಕೊಂಡ ಸದ್ದು ಕೇಳಿತು.